ಐರ್ಲೆಂಡಿಗೆ ಹೊರಟವರಿಗೆ ಯಾರೂ ಹೇಳದ 104 ವಾರದ ಲೆಕ್ಕ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಉದ್ಯೋಗ ಪುಟದಲ್ಲಿ ಐರ್ಲೆಂಡಿನ ನರ್ಸ್ ಕೆಲಸದ ಬಗ್ಗೆ ಆಗಾಗ ಬರಹ ಬರುತ್ತಿರುತ್ತದೆ. ನಾನು ಕಾರ್ಕ್ ನಗರದಲ್ಲಿರುವವನು, ಊರಿನ ಪೇಪರನ್ನು ಫೋನಿನಲ್ಲೇ ಓದುತ್ತೇನೆ. ಸಂಬಳ ಎಷ್ಟು, ಇಂಗ್ಲಿಷ್ ಪರೀಕ್ಷೆಯಲ್ಲಿ ಎಷ್ಟು ಬರಬೇಕು, ಪರ್ಮಿಟ್ ಹೇಗೆ, ಮನೆಯವರನ್ನು ಕರೆಸಿಕೊಳ್ಳೋದು ಯಾವಾಗ, ಇದೆಲ್ಲ ಚೆನ್ನಾಗೇ ಬರೆದಿರುತ್ತೀರಿ. ಆದರೆ ಹೋದ ಹೊಸದರಲ್ಲಿ ಹಾಸಿಗೆ ಹಿಡಿದರೆ ಮನೆ ಬಾಡಿಗೆ ಕಟ್ಟೋದು ಹೇಗೆ ಅನ್ನೋದನ್ನು ಒಂದು ಸಲವೂ ಯಾರೂ ಬರೆದಿದ್ದು ನೋಡಿಲ್ಲ. ಅದನ್ನು ಬರೆಯೋಣ ಅಂತಲೇ ಈ ಪತ್ರ. ಸ್ವಲ್ಪ ಉದ್ದ ಆಗುತ್ತದೆ, ಕತ್ತರಿ ಹಾಕುವುದಾದರೆ ಲೆಕ್ಕ ಇರುವ ಜಾಗ ಬಿಟ್ಟು ಬೇರೆ ಕಡೆ ಹಾಕಿ.

ಇಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರದಿಂದಲೇ ಸಂಬಳದಲ್ಲಿ ಪಿಆರ್‌ಎಸ್‌ಐ ಅಂತ ಮುರಿದುಕೊಳ್ಳುತ್ತಾರೆ. ನಮ್ಮ ಇಎಸ್‌ಐ, ಪಿಎಫ್ ಎರಡನ್ನೂ ಒಟ್ಟಿಗೆ ಸೇರಿಸಿದ ಹಾಗೆ ಅಂದುಕೊಳ್ಳಿ. 2025ರ ಅಕ್ಟೋಬರ್‌ನಿಂದ ಕೆಲಸಗಾರರ ಪಾಲು ಶೇ 4.2. ಕಂಪನಿಯ ಪಾಲು ಅದಕ್ಕಿಂತ ಜಾಸ್ತಿ. ಪೇಸ್ಲಿಪ್ಪಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಕ್ಲಾಸ್ 'ಎ1' ಅಂತಲೂ, ಅದರ ಪಕ್ಕದಲ್ಲಿ ವಾರಗಳ ಸಂಖ್ಯೆ ಅಂತಲೂ ಇರುತ್ತದೆ. ನಮ್ಮವರು ಪೇಸ್ಲಿಪ್ಪಿನಲ್ಲಿ ಕೈಗೆ ಬಂದ ಮೊತ್ತ ನೋಡಿ ಅಲ್ಲಿಗೇ ಮುಚ್ಚಿಬಿಡುತ್ತಾರೆ. ನಿಜವಾಗಿ ನೋಡಬೇಕಾದ್ದು ಆ ವಾರಗಳ ಸಂಖ್ಯೆಯನ್ನು.

ಯಾಕೆಂದರೆ ಕಾಯಿಲೆ ಬಿದ್ದಾಗ ಸರ್ಕಾರ ಕೊಡುವ ಇಲ್‌ನೆಸ್ ಬೆನಿಫಿಟ್ ಅನ್ನೋ ಭತ್ಯೆ ಸಿಗಬೇಕಾದರೆ ಕೆಲಸಕ್ಕೆ ಸೇರಿದಾಗಿನಿಂದ ಒಟ್ಟು 104 ವಾರದ ಪಿಆರ್‌ಎಸ್‌ಐ ಕಟ್ಟಿರಬೇಕು. ಅಂದರೆ ಒಂದು ವಾರವೂ ತಪ್ಪದೆ ದುಡಿದರೂ ಎರಡು ವರ್ಷ. 103 ವಾರ ಕಟ್ಟಿದ್ದರೆ ಅರ್ಧ ಸಿಗುತ್ತದಾ ಅಂದರೆ ಇಲ್ಲ, ಸೊನ್ನೆ. ಇದಲ್ಲದೆ ಇನ್ನೊಂದು ಷರತ್ತೂ ಇದೆ. ಅರ್ಜಿ ಹಾಕಿದ ವರ್ಷಕ್ಕಿಂತ ಎರಡು ವರ್ಷ ಹಿಂದಿನ ತೆರಿಗೆ ವರ್ಷದಲ್ಲಿ 39 ವಾರ ಲೆಕ್ಕಕ್ಕೆ ಸಿಗಬೇಕು ಅನ್ನೋದು. ಆದರೆ ಹೊಸಬರು ಮುಗ್ಗರಿಸುವುದು ಬಹುಪಾಲು 104ರ ಹತ್ತಿರವೇ. ಅದನ್ನು ದಾಟಿದವರಿಗೆ ಈ ಭತ್ಯೆ ಒಂದು ವರ್ಷದವರೆಗೂ ಸಿಗುತ್ತದೆ, 260 ವಾರ ಕಟ್ಟಿದವರಿಗೆ ಎರಡು ವರ್ಷದವರೆಗೆ. 2025ರಲ್ಲಿ ಪೂರ್ತಿ ಮೊತ್ತ ವಾರಕ್ಕೆ 244 ಯೂರೊ ಇತ್ತು. ದೊಡ್ಡ ದುಡ್ಡೇನಲ್ಲ, ಡಬ್ಲಿನ್ನಿನಲ್ಲಿ ಒಂದು ಕೋಣೆಯ ಬಾಡಿಗೆಗೂ ಎಳೆದಾಡಬೇಕು. ಆದರೂ ಏನೂ ಇಲ್ಲದೆ ಮಲಗಿರುವವರಿಗೆ ಅದೇ ಜೀವ.

ಹಾಗಾದರೆ ಮೊದಲ ಎರಡು ವರ್ಷ ಏನು? ಇಲ್ಲಿ ಒಂದು ವ್ಯತ್ಯಾಸ ಇದೆ. ಸರ್ಕಾರಿ ಆಸ್ಪತ್ರೆಗೆ ಸೇರಿದ ನರ್ಸ್‌ಗಳಿಗೆ ಸರ್ಕಾರಿ ನೌಕರರ ಕಾಯಿಲೆ ರಜೆ ಯೋಜನೆ ಅನ್ವಯಿಸುತ್ತದೆ, ನಾಲ್ಕು ವರ್ಷದ ಲೆಕ್ಕದಲ್ಲಿ 92 ದಿನ ಪೂರ್ತಿ ಸಂಬಳ, ಆಮೇಲೆ 91 ದಿನ ಅರ್ಧ ಸಂಬಳ. ಅವರು ಅಷ್ಟು ಹೆದರಬೇಕಾಗಿಲ್ಲ. ಹೆದರಬೇಕಾದವರು ಖಾಸಗಿ ನರ್ಸಿಂಗ್ ಹೋಮ್‌ಗಳಿಗೆ, ಅಂದರೆ ಇಲ್ಲಿನ ವೃದ್ಧಾಶ್ರಮಗಳಿಗೆ ಬಂದವರು. ಹೆಲ್ತ್‌ಕೇರ್ ಅಸಿಸ್ಟೆಂಟ್ ಕೆಲಸಕ್ಕೆ 2021ರಲ್ಲಿ ಪರ್ಮಿಟ್ ಕೊಡೋಕೆ ಶುರು ಮಾಡಿದ ಮೇಲೆ ನಮ್ಮ ಕಡೆಯಿಂದಲೂ ಕೇರಳದಿಂದಲೂ ಬರುವವರು ಈ ದಾರಿಯಲ್ಲೇ ಬರುತ್ತಿದ್ದಾರೆ. ಇವರಿಗೆ ಮಾಲೀಕರು ತಾವಾಗಿ ಏನಾದರೂ ಕೊಟ್ಟರೆ ಉಂಟು, ಇಲ್ಲದಿದ್ದರೆ ಕಾನೂನು ಕೊಡಿಸುವುದು ವರ್ಷಕ್ಕೆ 5 ದಿನ. ಅದೂ ಸಂಬಳದ ಶೇ 70, ದಿನಕ್ಕೆ 110 ಯೂರೊ ಮೀರುವ ಹಾಗಿಲ್ಲ, ಅದೂ 13 ವಾರ ಕೆಲಸ ಮುಗಿಸಿದ ಮೇಲೆ. 2022ರಲ್ಲಿ ಕಾನೂನು ಬಂದು 2023ರ ಜನವರಿಯಲ್ಲಿ ಜಾರಿಯಾಗುವ ತನಕ ಅಷ್ಟೂ ಇರಲಿಲ್ಲ ಅನ್ನಿ.

ದಿನವಿಡೀ ಮುದುಕರನ್ನು ಎತ್ತಿ, ಮಲಗಿಸಿ, ಸ್ನಾನ ಮಾಡಿಸುವ ಕೆಲಸ ಅದು. ಸೊಂಟ ಹಿಡಿಯುವುದು ಅಲ್ಲಿ ಹೊಸ ವಿಷಯವೇ ಅಲ್ಲ. ಸೊಂಟ ಹಿಡಿದರೆ 5 ದಿನದಲ್ಲಿ ಬಿಡುತ್ತದಾ?

ಇಷ್ಟು ಹೇಳಿ ಹೆದರಿಸಿ ಬಿಡೋಕೆ ನಾನು ಬರೆಯುತ್ತಿಲ್ಲ. ಗೊತ್ತಿಲ್ಲದೆ ಜನ ಕೈಬಿಡುವ ಒಂದು ಹಕ್ಕು ಇದೆ, ಮುಖ್ಯವಾಗಿ ಅದನ್ನು ಹೇಳಬೇಕು. ಐರ್ಲೆಂಡಿಗೆ ಬರುವ ಮುಂಚೆ ಯುರೋಪಿಯನ್ ಒಕ್ಕೂಟದ ಬೇರೆ ದೇಶದಲ್ಲಿ ಕೆಲಸ ಮಾಡಿ ಅಲ್ಲಿ ವಿಮೆ ಕಟ್ಟಿದ್ದರೆ, ಜರ್ಮನಿ ಇರಲಿ, ನೆದರ್ಲೆಂಡ್ಸ್ ಇರಲಿ, ಇಟಲಿ, ಮಾಲ್ಟಾ ಇರಲಿ, ಆ ವಾರಗಳನ್ನೂ ಇಲ್ಲಿಯ 104ಕ್ಕೆ ಕೂಡಿಸಬೇಕು. ಇಲ್ಲಿಗೆ ಬಂದು ಕೆಲಸಕ್ಕೆ ಸೇರಿ ಐರ್ಲೆಂಡಿನಲ್ಲಿ ಒಂದು ವಾರದ ಪಿಆರ್‌ಎಸ್‌ಐ ಆದರೂ ಕಟ್ಟಿರಬೇಕು, ಕೊನೆಯ ಕಂತು ಐರ್ಲೆಂಡಿನದ್ದಾಗಿರಬೇಕು, ಅಷ್ಟೇ. ಇದು ಯಾರೋ ಅಧಿಕಾರಿ ದಯೆ ತೋರಿಸಿ ಮಾಡುವುದಲ್ಲ. 883/2004 ಅನ್ನೋ ಯುರೋಪಿಯನ್ ನಿಯಮ ಇದೆ, 2010ರ ಮೇ ತಿಂಗಳಿಂದ ಜಾರಿಯಲ್ಲಿದೆ, ಅದರ 6ನೇ ಕಲಮು ಹೇಳುವುದೇ ಇದನ್ನು.

'ಅದೆಲ್ಲ ಯುರೋಪಿನ ಪಾಸ್‌ಪೋರ್ಟ್ ಇದ್ದವರಿಗೆ, ನಮಗಲ್ಲ' ಅಂತ ನಮ್ಮವರು ತಾವೇ ತೀರ್ಮಾನ ಮಾಡಿಬಿಡುತ್ತಾರೆ. ಸಂಘದ ಯುಗಾದಿ ಊಟದಲ್ಲಿ ಈ ಮಾತನ್ನು ಬಹಳ ಗಟ್ಟಿಯಾಗಿ ಹೇಳುವವರನ್ನು ನೋಡಿದ್ದೇನೆ. ತಪ್ಪು. 1231/2010 ಅನ್ನೋ ಇನ್ನೊಂದು ನಿಯಮ 2011ರ ಜನವರಿಯಿಂದ ಈ ಹಕ್ಕನ್ನು ಹೊರದೇಶದವರಿಗೂ ಕೊಟ್ಟಿದೆ. ಕಾನೂನುಬದ್ಧವಾಗಿ ವಾಸ ಇರಬೇಕು, ಒಂದಕ್ಕಿಂತ ಹೆಚ್ಚು ಸದಸ್ಯ ದೇಶದ ಸಂಬಂಧ ಇರಬೇಕು. ಭಾರತದ ಪಾಸ್‌ಪೋರ್ಟ್ ಹಿಡಿದು ಮ್ಯೂನಿಕ್‌ನಲ್ಲಿ ದುಡಿದು ಆಮೇಲೆ ಕಾರ್ಕ್‌ಗೆ ಬಂದವರು ಇದರೊಳಗೇ ಬರುತ್ತಾರೆ. ಡೆನ್ಮಾರ್ಕ್ ಈ ಎರಡನೇ ನಿಯಮದಿಂದ ಹೊರಗೆ ಉಳಿದಿದೆ, ಅಲ್ಲಿಂದ ಬಂದವರು ಸ್ವಲ್ಪ ವಿಚಾರಿಸಿಕೊಳ್ಳಬೇಕು. ಬ್ರಿಟನ್ ಒಕ್ಕೂಟ ಬಿಟ್ಟು ಹೋದರೂ ಐರ್ಲೆಂಡ್ ಜೊತೆ ಪ್ರತ್ಯೇಕ ಒಪ್ಪಂದ ಇಟ್ಟುಕೊಂಡಿದೆ, ಹಾಗಾಗಿ ಲಂಡನ್, ಬೆಲ್‌ಫಾಸ್ಟ್ ಕಡೆ ದುಡಿದವರೂ ಆ ವರ್ಷಗಳನ್ನು ಫಾರಂನಲ್ಲಿ ಬರೆಯದೆ ಬಿಡಬಾರದು.

ಒಂದು ಕಣ್ಣಾರೆ ಕಂಡ ಉದಾಹರಣೆ ಹೇಳುತ್ತೇನೆ. ಉಡುಪಿ ಕಡೆಯ ಹೆಣ್ಣುಮಗಳು, ಹೆಸರು ಬೇಡ. ಜರ್ಮನಿಯಲ್ಲಿ ವೃದ್ಧರ ಆರೈಕೆ ಕೆಲಸದಲ್ಲಿ ಮೂರು ವರ್ಷ ಇದ್ದರು. ಗಂಡನಿಗೆ ಡಬ್ಲಿನ್ನಿನಲ್ಲಿ ಐಟಿ ಕೆಲಸ ಸಿಕ್ಕಿತು, ಇವರೂ ಬಂದು ಒಂದು ಖಾಸಗಿ ನರ್ಸಿಂಗ್ ಹೋಮ್ ಸೇರಿದರು. ಆರು ತಿಂಗಳು ತುಂಬುವ ಮುಂಚೆಯೇ ಬೆನ್ನಿನ ಡಿಸ್ಕ್ ಜಾರಿ ಎದ್ದು ಓಡಾಡುವುದೇ ಕಷ್ಟ ಆಯಿತು. ಭತ್ಯೆಗೆ ಅರ್ಜಿ ಹಾಕಿದರು. ಅರ್ಜಿಯಲ್ಲಿ 'ಬೇರೆ ದೇಶದಲ್ಲಿ ಕೆಲಸ ಮಾಡಿದ್ದೀರಾ' ಅಂತ ಒಂದು ಪ್ರಶ್ನೆ ಇರುತ್ತದೆ, ದೇಶ, ಅಲ್ಲಿನ ವಿಮೆ ನಂಬರು, ಯಾವಾಗಿನಿಂದ ಯಾವಾಗಿನವರೆಗೆ ಅಂತ ತುಂಬಬೇಕು. ಇವರನ್ನು ಕರೆತಂದ ಏಜೆನ್ಸಿಯವನು 'ಜರ್ಮನಿದೆಲ್ಲ ಪೆನ್ಷನ್‌ಗೆ ಮಾತ್ರ, ಸುಮ್ನೆ ಬರೆದು ಗೊಂದಲ ಮಾಡ್ಕೋಬೇಡಿ' ಅಂದಿದ್ದನಂತೆ. ಖಾಲಿ ಬಿಟ್ಟರು. ಕಂತು ಸಾಲದು ಅಂತ ಅರ್ಜಿ ತಿರಸ್ಕಾರ ಆಗಿ ಪತ್ರ ಬಂತು. ಬರದೆ ಇನ್ನೇನಾಗುತ್ತದೆ, ಇಲ್ಲಿನ ಕಂಪ್ಯೂಟರ್ ನೋಡಿದ್ದು ಐರ್ಲೆಂಡಿನ ಇಪ್ಪತ್ತು ಚಿಲ್ಲರೆ ವಾರಗಳನ್ನು ಮಾತ್ರ.

ಗಂಡ ಹೆಂಡತಿ ಇಬ್ಬರೂ ಅಲ್ಲಿಗೇ ಬಿಟ್ಟಿದ್ದರು. ಕ್ರೆಡಿಟ್ ಕಾರ್ಡ್ ಸಾಲ ಶುರುವಾಗಿತ್ತು. ಯಾರೋ ಹೇಳಿದ ಮೇಲೆ ಜರ್ಮನಿಯ ವಿಮೆ ನಂಬರು, ಅಲ್ಲಿನ ಕಂಪನಿ ವರ್ಷಕ್ಕೊಮ್ಮೆ ಕೊಡುವ ಸೋಷಿಯಲ್ ಇನ್ಶೂರೆನ್ಸ್ ಚೀಟಿಗಳು, ಎಲ್ಲ ಹುಡುಕಿ, ತೀರ್ಮಾನವನ್ನು ಮತ್ತೆ ಪರಿಶೀಲಿಸಿ ಅಂತ ಬರೆದು ಕಳಿಸಿದರು. ಇಲ್ಲಿನ ಕಚೇರಿ ಜರ್ಮನಿಯನ್ನು ಕೇಳಿತು, ಅಲ್ಲಿಂದ ಲೆಕ್ಕ ಬಂತು, ಭತ್ಯೆ ಹಿಂಬಾಕಿ ಸಮೇತ ಮಂಜೂರಾಯಿತು. ಬರೋಕೆ ತಿಂಗಳುಗಟ್ಟಲೆ ಹಿಡಿಯಿತು, ಆ ಮಾತು ಬೇರೆ. ಆ ಏಜೆನ್ಸಿಯವನು ಇವತ್ತಿಗೂ ಅದೇ ಸಲಹೆ ಕೊಡುತ್ತಿದ್ದರೆ ನನಗೇನೂ ಆಶ್ಚರ್ಯ ಇಲ್ಲ. ಆಳು ತಂದರೆ ಕಮಿಷನ್, ಆಳು ಮಲಗಿದರೆ ಅವನಿಗೇನು.

ಹಾಗಾಗಿ ಯುರೋಪಿನ ಒಂದು ದೇಶ ಬಿಟ್ಟು ಇನ್ನೊಂದಕ್ಕೆ ಹೊರಡುವವರು ಕಾಗದಪತ್ರ ಎಸೆಯಬೇಡಿ. ಜರ್ಮನಿಯಲ್ಲಾದರೆ ನಿಮ್ಮ ಕ್ರಾಂಕೆನ್‌ಕಾಸ್ಸೆಯನ್ನು, ಅಂದರೆ ಅಲ್ಲಿನ ಆರೋಗ್ಯ ವಿಮೆ ಸಂಸ್ಥೆಯನ್ನು, ಇ104 ಅನ್ನೋ ಫಾರಂ ಕೇಳಬಹುದು. ನೀವು ಎಲ್ಲಿಂದ ಎಲ್ಲಿಯವರೆಗೆ ವಿಮೆಯಲ್ಲಿದ್ದಿರಿ ಅನ್ನೋದಕ್ಕೆ ಅದು ದಾಖಲೆ. ಈಗ ದೇಶ ದೇಶಗಳ ಕಚೇರಿಗಳು ಕಂಪ್ಯೂಟರಿನಲ್ಲೇ ಮಾಹಿತಿ ಕೇಳಿಕೊಳ್ಳುತ್ತವೆ, ಕಾಗದ ಇಲ್ಲದಿದ್ದರೂ ಕೆಲಸ ಆಗುತ್ತದೆ. ಆದರೆ ನೀವು ಅಲ್ಲಿ ದುಡಿದಿದ್ದೀರಿ ಅಂತ ನೀವು ಬಾಯಿ ಬಿಡದೆ ಇದ್ದರೆ ಯಾರೂ ಕೇಳಲ್ಲ. ಅರ್ಜಿಯನ್ನು ಕಾಯಿಲೆ ಬಿದ್ದ 6 ವಾರದೊಳಗೆ ಹಾಕಬೇಕು, ಡಾಕ್ಟರ ಸರ್ಟಿಫಿಕೇಟ್ ಬೇಕು, ಮೊದಲ 3 ದಿನಕ್ಕೆ ಭತ್ಯೆ ಇಲ್ಲ. ಹೆರಿಗೆ ಭತ್ಯೆಗೂ ಇದೇ ರೀತಿ ಬೇರೆ ಸದಸ್ಯ ದೇಶದ ಕಂತು ಕೂಡಿಸಬಹುದು. ನಮ್ಮ ಹುಡುಗಿಯರಿಗೆ ಅದೇ ಮೊದಲು ಬೇಕಾಗುತ್ತದೆ ಅಲ್ವಾ.

ಇನ್ನು ನೇರವಾಗಿ ಮಂಗಳೂರು, ಬೆಂಗಳೂರಿನಿಂದ ಬಂದವರ ಕಥೆ. ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ತಿಂಗಳಿಗೆ 18 ಸಾವಿರಕ್ಕೆ ದುಡಿಯುವ ನರ್ಸ್ ಇದ್ದಾರೆ ಅಂದುಕೊಳ್ಳಿ. ಸಂಬಳ 21 ಸಾವಿರದೊಳಗೆ ಇರುವುದರಿಂದ ಇಎಸ್‌ಐ ಕಟ್ಟುತ್ತಾರೆ, ಅವರದು ಶೇ 0.75, ಆಸ್ಪತ್ರೆಯದು ಶೇ 3.25. ಆರು ತಿಂಗಳ ಕಂತಿನ ಅವಧಿಯಲ್ಲಿ 78 ದಿನದ ಕಂತು ಇದ್ದರೆ ಸಾಕು, ಕಾಯಿಲೆ ಬಿದ್ದಾಗ ಕೂಲಿಯ ಶೇ 70ರಂತೆ ವರ್ಷಕ್ಕೆ 91 ದಿನ ಸಿಗುತ್ತದೆ. ಕ್ಷಯ, ಕ್ಯಾನ್ಸರ್ ಥರದ ದೀರ್ಘ ಕಾಯಿಲೆಗೆ ಇನ್ನೂ ಜಾಸ್ತಿ ದಿನ, ಜಾಸ್ತಿ ದರ. ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯ ಕ್ಯೂ ಬಗ್ಗೆ ಬೈಯುವವರು ಬೈಯಲಿ, ನಿಯಮದ ಮಟ್ಟಿಗೆ ಹೊಸಬರಿಗೆ ಐರ್ಲೆಂಡಿಗಿಂತ ನಮ್ಮದೇ ಉದಾರ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ. ಈ ನರ್ಸ್ ಹೀಗೆ ಏಳೆಂಟು ವರ್ಷ ಕಟ್ಟಿ ಐರ್ಲೆಂಡಿಗೆ ಬಂದರೆ ಆ ವರ್ಷಗಳ ಬೆಲೆ ಇಲ್ಲಿ ಏನು? ಸೊನ್ನೆ. ಪಕ್ಕದ ಬೆಡ್ಡಿನ ಹತ್ತಿರ ಅದೇ ಶಿಫ್ಟ್ ಮಾಡುವ ಪೋಲೆಂಡಿನ ಹುಡುಗಿ ಮೊನ್ನೆ ತಾನೇ ಬಂದಿದ್ದರೂ ಅವಳ ಊರಿನ ವರ್ಷಗಳು ಲೆಕ್ಕಕ್ಕೆ ಬರುತ್ತವೆ.

ಇದು ಜನಾಂಗ ನೋಡಿ ಮಾಡಿದ ತಾರತಮ್ಯ ಅಂತ ನಾನು ಹೇಳುತ್ತಿಲ್ಲ. 104 ವಾರದ ನಿಯಮ ಐರಿಷ್ ಹುಡುಗನಿಗೂ ಒಂದೇ. ವಿಷಯ ಏನೆಂದರೆ ಭಾರತಕ್ಕೂ ಐರ್ಲೆಂಡಿಗೂ ಸಾಮಾಜಿಕ ಭದ್ರತೆ ಒಪ್ಪಂದ ಇಲ್ಲ. ಭಾರತ ಮೊದಲು ಇಂಥ ಒಪ್ಪಂದ ಜಾರಿಗೆ ತಂದಿದ್ದು ಬೆಲ್ಜಿಯಂ ಜೊತೆ, 2009ರಲ್ಲಿ. ಆಮೇಲೆ ಸ್ವಿಟ್ಜರ್ಲೆಂಡ್, ಫ್ರಾನ್ಸ್, ನೆದರ್ಲೆಂಡ್ಸ್, ದಕ್ಷಿಣ ಕೊರಿಯಾ, ಸ್ವೀಡನ್, ಕೆನಡಾ, ಆಸ್ಟ್ರೇಲಿಯಾ, ಜಪಾನ್, ಜರ್ಮನಿ ಅಂತ ಪಟ್ಟಿ ಬೆಳೆದಿದೆ. ಆದರೆ ಈ ಒಪ್ಪಂದಗಳನ್ನು ತೆರೆದು ನೋಡಿದರೆ ನಮ್ಮ ಕಡೆಯಿಂದ ಮೇಜಿನ ಮೇಲೆ ಇಟ್ಟಿರುವುದು ಪಿಎಫ್ ಮತ್ತು ಪೆನ್ಷನ್. ಬೆಂಗಳೂರಿನ ಐಟಿ ಕಂಪನಿಗಳು ಕಳಿಸುವ ಇಂಜಿನಿಯರ್ ಎರಡೂ ಕಡೆ ಕಂತು ಕಟ್ಟುವುದು ತಪ್ಪಲಿ, ಅದಕ್ಕೆ ಪಿಎಫ್ ಕಚೇರಿಯಿಂದ ಒಂದು ಸರ್ಟಿಫಿಕೇಟ್ ಸಿಗಲಿ, ಮುಪ್ಪಿನಲ್ಲಿ ಪೆನ್ಷನ್ ವರ್ಷಗಳು ಕೂಡಲಿ ಅನ್ನೋದು ಅದರ ಗುರಿ. ಬೇಡ ಅನ್ನಲ್ಲ, ಕಂಪನಿಗಳಿಗೆ ಕೋಟಿಗಟ್ಟಲೆ ಉಳಿಯುತ್ತದೆ. ಇಎಸ್‌ಐನ ಕಾಯಿಲೆ ಭತ್ಯೆ ಆ ಮಾತುಕತೆಗೆ ಬಂದೇ ಇಲ್ಲ. ಇಎಸ್‌ಐನವರು ಅಂದರೆ ಪೀಣ್ಯದ ಕಾರ್ಮಿಕರು, ಗಾರ್ಮೆಂಟ್ಸ್ ಹೆಂಗಸರು, ಸಣ್ಣ ಆಸ್ಪತ್ರೆಯ ನರ್ಸ್‌ಗಳು. ದೆಹಲಿಯಲ್ಲಿ ಅವರ ಪರವಾಗಿ ಫೈಲು ಹಿಡಿದು ಓಡಾಡುವವರು ಯಾರು?

ಹಾಗಂತ ಇದು ಆಗದ ಹೋಗದ ಬೇಡಿಕೆ ಏನಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 118ನೇ ಒಡಂಬಡಿಕೆ, 1962ರದ್ದು, ಹೊರದೇಶದ ಕೆಲಸಗಾರರಿಗೂ ಸಾಮಾಜಿಕ ಭದ್ರತೆಯಲ್ಲಿ ಸಮಾನತೆ ಕೊಡಬೇಕು ಅನ್ನುತ್ತದೆ. ಭಾರತ, ಐರ್ಲೆಂಡ್ ಎರಡೂ 1964ರಲ್ಲೇ ಅದನ್ನು ಅನುಮೋದಿಸಿವೆ. ಭಾರತ ಒಪ್ಪಿಕೊಂಡ ವಿಭಾಗಗಳಲ್ಲಿ ಕಾಯಿಲೆ ಭತ್ಯೆಯೂ ಇದೆ. ಎರಡು ದೇಶಗಳ ಕಂತಿನ ಅವಧಿಯನ್ನು ಕೂಡಿಸುವ ವ್ಯವಸ್ಥೆ ಮಾಡಿಕೊಳ್ಳೋಕೆ ದೇಶಗಳು ಪರಸ್ಪರ ಮಾತಾಡಿ ಪ್ರಯತ್ನಿಸಬೇಕು ಅಂತಲೂ ಅದರಲ್ಲೇ ಬರೆದಿದೆ. ಅರವತ್ತು ವರ್ಷ ಆಯಿತು. ಐರ್ಲೆಂಡಿನ ಆಸ್ಪತ್ರೆಗಳು ನಮ್ಮ ನರ್ಸ್‌ಗಳಿಲ್ಲದೆ ಒಂದು ರಾತ್ರಿ ಶಿಫ್ಟ್ ಓಡಿಸೋಕೆ ಕಷ್ಟಪಡುತ್ತವೆ. ಕೇಳುವುದಾದರೆ ಈಗಲೇ ಕೇಳಬೇಕು, ಕೇಳುವಾಗ ಪೆನ್ಷನ್ ಜೊತೆ ಕಾಯಿಲೆಯ ಭತ್ಯೆಯನ್ನೂ ಸೇರಿಸಿ ಕೇಳಬೇಕು.

ಬೇರೆ ದೇಶಕ್ಕೆ ಹೋಗುವವರಿಗೂ ಎರಡು ಮಾತು. ಜರ್ಮನಿಯಲ್ಲಿ ಹಿಂದಿನ ವರ್ಷಗಳ ಲೆಕ್ಕದ ಗೋಜೇ ಇಷ್ಟು ಇಲ್ಲ. ಕೆಲಸಕ್ಕೆ ಸೇರಿ 4 ವಾರ ಆಗಿದ್ದರೆ ಹುಷಾರಿಲ್ಲದಾಗ 6 ವಾರ ಪೂರ್ತಿ ಸಂಬಳ ಕಂಪನಿಯೇ ಕೊಡಬೇಕು, ಆಮೇಲೆ ಕ್ರಾಂಕೆನ್‌ಕಾಸ್ಸೆ ಸಂಬಳದ ಶೇ 70ರಷ್ಟು ಕೊಡುತ್ತದೆ, ಒಂದೇ ಕಾಯಿಲೆಗೆ ಮೂರು ವರ್ಷದಲ್ಲಿ 78 ವಾರದವರೆಗೆ. ಗಲ್ಫ್‌ನಲ್ಲಿ ಇದು ಕಂತಿನ ವಿಷಯವೇ ಅಲ್ಲ, ಮಾಲೀಕ ಕೊಡಬೇಕಾದ್ದು. ಯುಎಇಯಲ್ಲಿ ಪ್ರೊಬೇಷನ್ ಮುಗಿದ ಮೇಲೆ ವರ್ಷಕ್ಕೆ 90 ದಿನ, ಅದರಲ್ಲಿ 15 ದಿನ ಪೂರ್ತಿ ಸಂಬಳ, 30 ದಿನ ಅರ್ಧ, ಉಳಿದದ್ದಕ್ಕೆ ಏನಿಲ್ಲ. ಸೌದಿಯಲ್ಲಿ 30 ದಿನ ಪೂರ್ತಿ, 60 ದಿನ ಮುಕ್ಕಾಲು. ಅಲ್ಲಿ ಹತ್ತು ವರ್ಷ ದುಡಿದು ಯುರೋಪಿಗೆ ಬಂದರೂ ಆ ವರ್ಷಗಳು ಇಲ್ಲಿ ಲೆಕ್ಕಕ್ಕಿಲ್ಲ. ನಮ್ಮ ಕರಾವಳಿಯ ಎಷ್ಟೋ ನರ್ಸ್‌ಗಳು ಸೌದಿ, ಕುವೈತ್ ಮುಗಿಸಿಯೇ ಇಲ್ಲಿಗೆ ಬರುವುದರಿಂದ ಇದನ್ನು ಹೇಳಬೇಕಾಯಿತು.

ವಾಪಸ್ ಊರಿಗೆ ಬಂದು ಇಎಸ್‌ಐ ವ್ಯಾಪ್ತಿಯ ಕೆಲಸಕ್ಕೆ ಸೇರಿದರೂ ಇದೇ ಪಾಡು. ಚಿಕಿತ್ಸೆ ಸೇರಿದ ದಿನದಿಂದ ಸಿಗುತ್ತದೆ, ದುಡ್ಡಿನ ಭತ್ಯೆಗೆ ಹೊಸಬರು ಸುಮಾರು ಒಂಬತ್ತು ತಿಂಗಳು ಕಾಯಬೇಕು. ಐರ್ಲೆಂಡಿನ ಕಂತು ತೋರಿಸಿದರೆ ಕೌಂಟರಿನವರು ಮುಖ ನೋಡುತ್ತಾರೆ ಅಷ್ಟೇ.

ನೇರವಾಗಿ ಬರುವವರಿಗೆ ಸದ್ಯಕ್ಕೆ ನಾನು ಹೇಳುವುದು ಇಷ್ಟು. ಕೆಲಸದ ಆಫರ್ ಲೆಟರ್ ಬಂದಾಗ ಸಂಬಳದ ಸಾಲಿನ ಕೆಳಗೆ ಸಿಕ್ ಪೇ ಅಂತ ಏನಿದೆ ಓದಿ. ಕಾನೂನಿನ 5 ದಿನ ಬಿಟ್ಟು ಒಂದು ದಿನವೂ ಇಲ್ಲ ಅಂದರೆ ಸಹಿ ಹಾಕುವ ಮುಂಚೆ ಕೇಳಿ. ಕೇಳಿದ್ದಕ್ಕೆ ಆಫರ್ ವಾಪಸ್ ತೆಗೆದುಕೊಳ್ಳುವ ಜಾಗ ಹೋಗಲು ಯೋಗ್ಯ ಅಲ್ಲ. ಎರಡು ವರ್ಷದ ಮಟ್ಟಿಗೆ ಸಂಬಳ ನಷ್ಟಕ್ಕೆ ಖಾಸಗಿ ವಿಮೆ ಮಾಡಿಸುವುದನ್ನೂ ಯೋಚಿಸಿ. ಕೊನೆಗೆ ಏನೂ ಸಿಗದಿದ್ದರೆ ಆದಾಯ ನೋಡಿ ಕೊಡುವ ಒಂದು ಕನಿಷ್ಠ ನೆರವು ಇಲ್ಲಿ ಇದೆ. ಗಂಡ ಅಥವಾ ಹೆಂಡತಿಗೆ ಸಂಬಳ ಇದ್ದರೆ ಅದು ಸಾಮಾನ್ಯವಾಗಿ ಕೈಗೆಟುಕಲ್ಲ, ಅದನ್ನು ನೆಚ್ಚಿಕೊಂಡು ಬರಬೇಡಿ.

ನಮ್ಮ ರಾಜ್ಯ ಸರ್ಕಾರದ ಕೌಶಲ್ಯಾಭಿವೃದ್ಧಿ ನಿಗಮ ಹೊರದೇಶಕ್ಕೆ ಹೋಗುವವರಿಗಾಗಿ ವಲಸೆ ಕೇಂದ್ರ ನಡೆಸುತ್ತದೆ. ಹೊರಡುವ ಮುಂಚೆ ಅಲ್ಲಿ ಕೊಡುವ ತರಬೇತಿಯಲ್ಲಿ ಭಾಷೆ, ಚಳಿಬಟ್ಟೆ, ಬ್ಯಾಂಕ್ ಖಾತೆ ಜೊತೆಗೆ ಯಾವ ದೇಶದಲ್ಲಿ ಎಷ್ಟು ವಾರ ಕಟ್ಟಿದರೆ ಕಾಯಿಲೆಯ ದುಡ್ಡು ಸಿಗುತ್ತದೆ ಅನ್ನೋ ಒಂದು ಪುಟವನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಕೈಗೆ ಕೊಟ್ಟರೆ ಖರ್ಚು ಎಷ್ಟಾದೀತು? ನೀವೂ ಅಷ್ಟೇ ಸಂಪಾದಕರೇ. ಮುಂದಿನ ಸಲ ಉದ್ಯೋಗ ಪುಟದಲ್ಲಿ ಐರ್ಲೆಂಡಿನ ಸಂಬಳವನ್ನು ದಪ್ಪ ಅಕ್ಷರದಲ್ಲಿ ಹಾಕುವಾಗ ಕೆಳಗೆ ಸಣ್ಣ ಅಕ್ಷರದಲ್ಲಾದರೂ 104 ವಾರದ ವಿಷಯ ಹಾಕಿ, ಜರ್ಮನಿ, ಇಟಲಿಯಲ್ಲಿ ದುಡಿದಿದ್ದರೆ ಆ ವಾರಗಳೂ ಸೇರುತ್ತವೆ ಅನ್ನೋದನ್ನೂ ಹಾಕಿ.

– ಕಾರ್ಕ್‌ನಿಂದ ಒಬ್ಬ ಓದುಗ, ಐರ್ಲೆಂಡ್